ಬಾಬಿ ಶಾರ್ಟ್ ಕೊನೆಗಾಲದ ಧ್ವನಿಮುದ್ರಿಕೆಗಳು: ಯಾವುದನ್ನು ಮೊದಲು ಕೇಳಬೇಕು?

ಅಮೆರಿಕದ ಕ್ಯಾಬರೆ ಗಾಯಕ, ಪಿಯಾನೋ ವಾದಕ ಬಾಬಿ ಶಾರ್ಟ್ ಅವರ ಆಲ್ಬಂ ಹುಡುಕಲು ಹೊರಟವರಿಗೆ ಮೊದಲ ತೊಡಕು ಹೆಸರುಗಳದ್ದೇ. ಮೂರು ಆಲ್ಬಂಗಳ ಹೆಸರಿನಲ್ಲಿ, ಅವರು ದಶಕಗಳ ಕಾಲ ಹಾಡಿದ ನ್ಯೂಯಾರ್ಕಿನ ಹೋಟೆಲ್ ಕೋಣೆ ‘ಕೆಫೆ ಕಾರ್ಲೈಲ್’ ಇದೆ. ಎರಡರ ಹೆಸರಿನಲ್ಲಿ ಗೀತರಚನಕಾರ ಕೋಲ್ ಪೋರ್ಟರ್ ಇದ್ದಾರೆ. ವರ್ಷ ನೋಡದೆ ಒಂದನ್ನು ಹಚ್ಚಿದರೆ ಐವತ್ತರ ಆಸುಪಾಸಿನ ತುಂಬು ದನಿಯೂ ಸಿಗಬಹುದು, ಎಪ್ಪತ್ತು ದಾಟಿದ ಒರಟು ದನಿಯೂ ಸಿಗಬಹುದು. ಎರಡೂ ಒಬ್ಬರದೇ ಆದರೂ ಕೇಳುವ ಬಗೆ ಬೇರೆ.

ಈ ಬರಹ 1987ರಿಂದ ಈಚಿನ ಮುದ್ರಿಕೆಗಳ ಬಗ್ಗೆ. ಆಗ ಶಾರ್ಟ್ ಅರವತ್ತು ದಾಟಿದ್ದರು. 2005ರ ಮಾರ್ಚ್‌ನಲ್ಲಿ, ಎಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಈ ಅವಧಿಯ ಆಲ್ಬಂಗಳಲ್ಲಿ ಒಂದನ್ನು ಆರಿಸುವಾಗ ಹಾಡುಗಳ ಪಟ್ಟಿ ನೋಡಿ ನಿರ್ಧರಿಸಬೇಡಿ ಎಂಬುದು ನನ್ನ ಖಚಿತ ಸಲಹೆ. ಪಿಯಾನೋ ಪಕ್ಕದಲ್ಲಿ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಎಂಬುದನ್ನು ಮೊದಲು ನೋಡಿ. ದನಿ ಒಂದು ಕಡೆ ಮಾಗುತ್ತ ಇನ್ನೊಂದು ಕಡೆ ಸವೆಯುತ್ತಿದ್ದ ಕಾಲ ಅದು. ಸುತ್ತಲಿನ ವಾದ್ಯಗಳು ಆ ದನಿಯನ್ನು ಎತ್ತಿ ಹಿಡಿಯಲೂಬಹುದು, ಮುಚ್ಚಿಹಾಕಲೂಬಹುದು.

ಗಾಯಕರ ಬಗ್ಗೆ ತಿಳಿದಿರಬೇಕಾದಷ್ಟು

ನಮ್ಮಲ್ಲಿ ಕ್ಯಾಬರೆ ಎಂದ ಕೂಡಲೇ ಎಪ್ಪತ್ತರ ದಶಕದ ಸಿನಿಮಾ ಕುಣಿತ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಹೇಳುತ್ತಿರುವುದು ನ್ಯೂಯಾರ್ಕಿನ ಕ್ಯಾಬರೆಯ ಬಗ್ಗೆ. ಸಣ್ಣ ಕೋಣೆ, ಊಟದ ಮೇಜುಗಳು, ಕೈಗೆಟಕುವಷ್ಟು ಹತ್ತಿರದಲ್ಲಿ ಗಾಯಕ. ಹಾಡಿನ ಒಂದೊಂದು ಪದವೂ ಕೊನೆಯ ಮೇಜಿಗೆ ತಲುಪಬೇಕು ಎನ್ನುವುದು ಅಲ್ಲಿನ ಮೊದಲ ನಿಯಮ. ರಾಗಕ್ಕಿಂತ ಸಾಹಿತ್ಯಕ್ಕೇ ಹೆಚ್ಚು ತೂಕ.

ರಾಬರ್ಟ್ ಶಾರ್ಟ್ ಹುಟ್ಟಿದ್ದು 1924ರಲ್ಲಿ, ಇಲಿನಾಯ್ ರಾಜ್ಯದ ಡ್ಯಾನ್‌ವಿಲ್‌ನಲ್ಲಿ, ಮಕ್ಕಳು ತುಂಬಿದ್ದ ಕಪ್ಪು ಜನರ ಕುಟುಂಬವೊಂದರಲ್ಲಿ. ತಂದೆ ಕಲ್ಲಿದ್ದಲ ಗಣಿ ಕಾರ್ಮಿಕ, ತಾಯಿ ಬೇರೆಯವರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರು. ಪಿಯಾನೋ ಅವರು ಕಲಿತದ್ದು ಕಿವಿಯಿಂದ. ಹತ್ತು ಹನ್ನೊಂದರ ವಯಸ್ಸಿಗೇ ಷಿಕಾಗೊ ರಂಗಮಂಚಗಳಲ್ಲಿ ಉದ್ದ ಬಾಲದ ಕೋಟು ತೊಟ್ಟು ಹಾಡುತ್ತಿದ್ದ ಹುಡುಗ ಅವರು. ಮುಂದೆ ಲಾಸ್ ಏಂಜಲಿಸ್, ಪ್ಯಾರಿಸ್, ಲಂಡನ್ ಸುತ್ತಿ ನ್ಯೂಯಾರ್ಕಿಗೆ ಬಂದರು. 1955ರಿಂದ ಅಟ್ಲಾಂಟಿಕ್ ಕಂಪನಿಗಾಗಿ ಧ್ವನಿಮುದ್ರಣ ಶುರುವಾಯಿತು.

1968 ಅವರ ಬದುಕಿನ ತಿರುವು. ಆ ವರ್ಷ ಕ್ಯಾಬರೆ ಗಾಯಕಿ ಮೇಬಲ್ ಮರ್ಸರ್ ಜೊತೆ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಕೊಟ್ಟ ಕಛೇರಿ ದೊಡ್ಡ ಹೆಸರು ತಂದಿತು. ಅದೇ ವರ್ಷ, ಮ್ಯಾಡಿಸನ್ ಅವೆನ್ಯೂ ಮತ್ತು 76ನೇ ಬೀದಿ ಕೂಡುವಲ್ಲಿರುವ ಕಾರ್ಲೈಲ್ ಹೋಟೆಲಿನಲ್ಲಿ, ರಜೆಯ ಮೇಲೆ ಹೋಗುತ್ತಿದ್ದ ಪಿಯಾನೋ ವಾದಕ ಜಾರ್ಜ್ ಫೇಯರ್ ಬದಲಿಗೆ ಎರಡು ವಾರ ನುಡಿಸಲು ಕರೆ ಬಂತು. ಎರಡು ವಾರದ ಕೆಲಸ 2004ರವರೆಗೂ ಮುಂದುವರಿಯಿತು. ಮಾರ್ಸೆಲ್ ವೆರ್ಟೆಸ್ ಬರೆದ ಭಿತ್ತಿಚಿತ್ರಗಳ, ನೂರು ಜನವೂ ಕೂರಲಾಗದ ಆ ಕೋಣೆ ಮತ್ತು ಬಾಬಿ ಶಾರ್ಟ್ ಎಂಬ ಹೆಸರು ಬೇರೆ ಮಾಡಲಾಗದಂತೆ ಬೆಸೆದುಕೊಂಡವು.

ಅಲ್ಲಿ ಬರುತ್ತಿದ್ದವರು ಹೆಚ್ಚಾಗಿ ಹಣವಂತ ಬಿಳಿಯರು. ಹೀಗಾಗಿ ಶಾರ್ಟ್ ಅವರನ್ನು ಸಿರಿವಂತರ ಸಂಜೆಯ ಅಲಂಕಾರ ಎಂದು ತಳ್ಳಿಹಾಕುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರು ಆ ಕೋಣೆಯಲ್ಲಿ ಏನನ್ನು ಹಾಡುತ್ತಿದ್ದರು ಎಂದು ಗಮನವಿಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಪೋರ್ಟರ್, ಗರ್ಶ್ವಿನ್ ಹಾಡುಗಳ ಜೊತೆ ಜೊತೆಗೇ ಕಪ್ಪು ರಚನಕಾರರಾದ ಡ್ಯೂಕ್ ಎಲಿಂಗ್ಟನ್, ಬಿಲ್ಲಿ ಸ್ಟ್ರೇಹಾರ್ನ್, ಫ್ಯಾಟ್ಸ್ ವಾಲರ್, ಯೂಬಿ ಬ್ಲೇಕ್, ಆಂಡಿ ರಝಾಫ್ ಅವರ ಹಾಡುಗಳು ದಶಕಗಳ ಕಾಲ ಅಲ್ಲಿ ಮೊಳಗಿದವು. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಹಾಡುಗಳನ್ನು ಅದೇ ನಗರದ ಅತಿ ಶ್ರೀಮಂತ ಬಡಾವಣೆಗೆ ತಂದು, ಅವುಗಳ ಕರ್ತೃಗಳ ಹೆಸರು ಹೇಳಿ ಹಾಡಿದವರು ಅವರು. ಸೆಂಟ್ರಲ್ ಪಾರ್ಕಿನ ಈಶಾನ್ಯ ಮೂಲೆಯಲ್ಲಿ ಎಲಿಂಗ್ಟನ್ ಪ್ರತಿಮೆ ನಿಲ್ಲಬೇಕೆಂದು 1979ರಿಂದ ಹಣ ಕೂಡಿಸುತ್ತ ಓಡಾಡಿದವರೂ ಅವರೇ. 1997ರ ಜುಲೈಯಲ್ಲಿ ಅದು ಅನಾವರಣಗೊಂಡಿತು. ಕೊನೆಗಾಲದ ಆಲ್ಬಂಗಳನ್ನು ಕೇಳುವಾಗ ಈ ಹಿನ್ನೆಲೆ ತಲೆಯಲ್ಲಿದ್ದರೆ ಯಾವುದು ಮುಖ್ಯ ಎಂದು ಬೇಗ ಗೊತ್ತಾಗುತ್ತದೆ.

ಇಳಿವಯಸ್ಸಿನ ಶಾರೀರ

ಶಾರ್ಟ್ ಅವರದು ಮೊದಲಿನಿಂದಲೂ ನಯವಾದ ದನಿಯಲ್ಲ. ಸ್ವಲ್ಪ ತಗ್ಗು ಸ್ಥಾಯಿಯ ಬ್ಯಾರಿಟೋನ್ ಶಾರೀರ, ಸ್ವಲ್ಪ ಒರಟು, ದೀರ್ಘ ಸ್ವರಗಳಲ್ಲಿ ವೇಗದ ಕಂಪನ. ಗಂಟಲು ಕಟ್ಟುವ ತೊಂದರೆ ಅವರನ್ನು ಪದೇ ಪದೇ ಕಾಡುತ್ತಿತ್ತು. ವಯಸ್ಸಾದಂತೆ ಈ ಒರಟುತನ ಹೆಚ್ಚಾಯಿತು. ಮೇಲಿನ ಸ್ವರಗಳಲ್ಲಿ ಹಾಡು ಕೂಗಿನ ಅಂಚಿಗೆ ಹೋಗುತ್ತದೆ. ಉದ್ದ ಎಳೆಯಬೇಕಾದ ಕಡೆ ಸ್ವರವನ್ನು ಬೇಗ ಕತ್ತರಿಸುತ್ತಾರೆ.

ಕಳೆದುಕೊಂಡದ್ದರ ಜೊತೆ ಗಳಿಸಿದ್ದೂ ಇದೆ. ಉಚ್ಚಾರದ ಸ್ಪಷ್ಟತೆ ಕೊನೆಯವರೆಗೂ ಕುಂದಲಿಲ್ಲ. ಸ್ವರವನ್ನು ಎಳೆಯಲಾಗದ ಕಡೆ ಪದವನ್ನು ಎಲ್ಲಿ ಇಳಿಸಬೇಕು, ಎಲ್ಲಿ ಒಂದು ಗಳಿಗೆ ತಡೆಯಬೇಕು ಎಂಬ ಲೆಕ್ಕಾಚಾರ ಇನ್ನಷ್ಟು ಸೂಕ್ಷ್ಮವಾಯಿತು. ಹಾಡಿನ ಸಾಲು ಮುಗಿದ ಮೇಲೆ ಉಳಿಯುವ ಜಾಗವನ್ನು ಪಿಯಾನೋ ತುಂಬುತ್ತದೆ. ಎಡಗೈ ಮಂದ್ರಕ್ಕೂ ಮಧ್ಯಕ್ಕೂ ಜಿಗಿಯುತ್ತ ತಾಳ ಹಿಡಿಯುವ ಹಳೆಯ ಸ್ಟ್ರೈಡ್ ಪದ್ಧತಿಯಲ್ಲಿ ಅವರು ಬೆಳೆದವರು. ಆ ಎಡಗೈ ಎಪ್ಪತ್ತರಲ್ಲೂ ಗಟ್ಟಿಯಾಗಿಯೇ ಇತ್ತು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. 1920, 30ರ ದಶಕಗಳ ಅಮೆರಿಕನ್ ಹಾಡುಗಳಿಗೆ ಎರಡು ಭಾಗ. ಎಲ್ಲರಿಗೂ ಗೊತ್ತಿರುವ, ಸಾಮಾನ್ಯವಾಗಿ ಮೂವತ್ತೆರಡು ಬಾರ್‌ಗಳ (ತಾಳದ ಆವರ್ತಗಳ) ಮುಖ್ಯ ಹಾಡು ಒಂದು. ಅದಕ್ಕೂ ಮುಂಚೆ ಬರುವ ಪೀಠಿಕೆಯ ಸಾಲುಗಳು ಇನ್ನೊಂದು. ಬಹುಪಾಲು ಗಾಯಕರು ಪೀಠಿಕೆಯನ್ನು ಬಿಟ್ಟೇ ಬಿಡುತ್ತಾರೆ. ಪೋರ್ಟರ್ 1932ರಲ್ಲಿ ಬರೆದ ‘ನೈಟ್ ಅಂಡ್ ಡೇ’ ತೆಗೆದುಕೊಳ್ಳಿ. ಅದರ ಪೀಠಿಕೆ ಬಹುತೇಕ ಒಂದೇ ಸ್ವರದ ಮೇಲೆ ಮತ್ತೆ ಮತ್ತೆ ಬಡಿಯುತ್ತದೆ. ನಗಾರಿ, ಗಡಿಯಾರ, ಮಳೆಹನಿ ಎಲ್ಲ ಆ ಒಂದು ಸ್ವರದಲ್ಲೇ. ಹೀಗೆ ಬಡಿದು ಬಡಿದು ಕೊನೆಗೆ ಮುಖ್ಯ ರಾಗ ಬಿಚ್ಚಿಕೊಂಡಾಗ ಎದೆಯ ಬಿಗಿ ಸಡಿಲುತ್ತದೆ. ಪೀಠಿಕೆ ತೆಗೆದರೆ ಆ ಬಿಡುಗಡೆಯೂ ಇಲ್ಲ. ಕ್ಯಾಬರೆ ಪರಂಪರೆಯವರು, ಅದರಲ್ಲೂ ಮರ್ಸರ್ ಮತ್ತು ಶಾರ್ಟ್, ಪೀಠಿಕೆಯನ್ನು ತಾಳದ ಕಟ್ಟಿಲ್ಲದೆ, ಮಾತಿನ ನಡೆಯಲ್ಲಿ, ಪೂರ್ತಿಯಾಗಿ ಹಾಡುತ್ತಿದ್ದರು. ಶಾರ್ಟ್ ಅವರ ಕೊನೆಗಾಲದ ಮುದ್ರಿಕೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇಂಥ ಪೀಠಿಕೆಗಳೇ. ಅಲ್ಲಿ ಕಂಠಬಲ ಬೇಕಿಲ್ಲ. ಹೇಳುವ ಕಲೆ ಬೇಕು, ಅದು ಅವರಲ್ಲಿ ಧಾರಾಳವಾಗಿತ್ತು.

ಒಂದೇ ಕೋಣೆ, ಎರಡು ಕಾಲ: 1974 ಮತ್ತು 1992

‘ಲೈವ್ ಅಟ್ ದ ಕೆಫೆ ಕಾರ್ಲೈಲ್’ 1974ರದು, ಅಟ್ಲಾಂಟಿಕ್ ಕಂಪನಿಯದು. ‘ಲೇಟ್ ನೈಟ್ ಅಟ್ ದ ಕೆಫೆ ಕಾರ್ಲೈಲ್’ 1992ರಲ್ಲಿ ಟೆಲಾರ್ಕ್ ಹೊರತಂದದ್ದು. ಎರಡೂ ಅದೇ ಕೋಣೆಯಲ್ಲಿ, ಜನರ ಎದುರು ಮುದ್ರಣವಾದವು. ಹೊಸಬರು ಹೆಚ್ಚಾಗಿ ಗೊಂದಲಕ್ಕೆ ಬೀಳುವುದು ಈ ಎರಡರ ನಡುವೆ.

1974ರ ಶಾರ್ಟ್ ಓಡುತ್ತಾರೆ. ವೇಗದ ಹಾಡುಗಳಲ್ಲಿ ದನಿ ಚಿಮ್ಮುತ್ತದೆ, ಪಿಯಾನೋ ಅದನ್ನು ಇನ್ನೂ ಅಟ್ಟಿಕೊಂಡು ಹೋಗುತ್ತದೆ. ಸಂಭ್ರಮ ಬೇಕಾದವರು ಇದನ್ನು ಕೇಳಲಿ.

ಆದರೂ ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಕೈ ಹೋಗುವುದು 1992ರದ್ದಕ್ಕೆ. ಮೊದಲ ಕಾರಣ ಧ್ವನಿಮುದ್ರಣ. ಕ್ಲೀವ್‌ಲ್ಯಾಂಡಿನ ಟೆಲಾರ್ಕ್ ಕಂಪನಿ ಡಿಜಿಟಲ್ ಮುದ್ರಣಕ್ಕೆ ಮೊದಲಿಗೆ ಕೈಹಾಕಿದವರಲ್ಲಿ ಒಂದು. ವಾದ್ಯಮೇಳಗಳನ್ನು ಮುದ್ರಿಸಿ ಹೆಸರು ಮಾಡಿದ ಅವರ ಎಂಜಿನಿಯರುಗಳು ಈ ಸಣ್ಣ ಕೋಣೆಯನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿದಿದ್ದಾರೆ. ದನಿ, ಪಿಯಾನೋ, ಬಾಸ್, ಡ್ರಮ್ಸ್ ಒಂದರ ಮೇಲೊಂದು ಬೀಳದೆ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ.

ಎರಡನೆಯ ಕಾರಣ ಬೆವರ್ಲಿ ಪಿಯರ್. ಬಾಸ್ ಎಂಬ ತಗ್ಗು ಸ್ವರದ ದೊಡ್ಡ ತಂತಿವಾದ್ಯ ನುಡಿಸುವ ಇವರು ಕಾರ್ಲೈಲ್‌ನಲ್ಲಿ ಶಾರ್ಟ್ ಪಕ್ಕದಲ್ಲೇ ದಶಕಗಳ ಕಾಲ ನಿಂತವರು. ಅದಕ್ಕೂ ಹಿಂದೆ, 1930ರ ದಶಕದಲ್ಲಿ, ಹಾರ್ಲೆಮ್‌ನ ಸವಾಯ್ ಬಾಲ್‌ರೂಮಿನಲ್ಲಿ ಜನರನ್ನು ಕುಣಿಸುತ್ತಿದ್ದ ಚಿಕ್ ವೆಬ್ ಬ್ಯಾಂಡಿನಲ್ಲಿ ಇದ್ದವರು. ಹದಿಹರೆಯದ ಎಲ್ಲಾ ಫಿಟ್ಜೆರಾಲ್ಡ್ ಹಾಡಿದ್ದು ಆ ಬ್ಯಾಂಡಿನ ಮುಂದೆಯೇ. ಅಂದರೆ 1992ರ ಈ ಆಲ್ಬಂನಲ್ಲಿ ನೀವು ಕೇಳುವ ಬಾಸ್‌ನ ನಡಿಗೆಗೆ ಅರ್ಧ ಶತಮಾನಕ್ಕೂ ಹಿಂದಿನ ಹಾರ್ಲೆಮ್‌ನ ನೇರ ಕೊಂಡಿ ಇದೆ. ಪಿಯರ್ 1997ರಲ್ಲಿ ತೀರಿಕೊಂಡರು. ಅವರ ಬಾಸ್, ರಾಬಿ ಸ್ಕಾಟ್ ಅವರ ಡ್ರಮ್ಸ್, ಶಾರ್ಟ್ ಅವರ ಪಿಯಾನೋ: ಮೂರು ಜನರ ಈ ಜೋಡಣೆಗಿಂತ ಹೆಚ್ಚಿಗೆ ಯಾವ ವಾದ್ಯವೂ ಆ ದನಿಗೆ ಬೇಕಾಗಿರಲಿಲ್ಲ ಎಂಬುದು ಇದನ್ನು ಕೇಳಿದರೆ ಮನದಟ್ಟಾಗುತ್ತದೆ.

ಕೇಳುವಾಗ ಯಾವುದಾದರೂ ನಿಧಾನದ ಹಾಡಿನಲ್ಲಿ ಬಾಸ್ ಯಾವಾಗ ಒಳಗೆ ಬರುತ್ತದೆ ಎಂದು ಗಮನಿಸಿ. ಪೀಠಿಕೆಯುದ್ದಕ್ಕೂ ದನಿ ಮತ್ತು ಪಿಯಾನೋ ಒಂದೇ ಮನುಷ್ಯನ ಉಸಿರಿನಲ್ಲಿ ಹೋಗುತ್ತವೆ, ತಾನೇ ಹಾಡಿ ತಾನೇ ನುಡಿಸುವವರಿಗೆ ಮಾತ್ರ ಸಾಧ್ಯವಾಗುವ ರೀತಿಯಲ್ಲಿ. ಪದ ತಡೆದರೆ ಬೆರಳೂ ತಡೆಯುತ್ತದೆ. ಮುಖ್ಯ ಹಾಡಿನ ಹೊಸ್ತಿಲಲ್ಲಿ ಬಾಸ್ ಮೆಲ್ಲನೆ ಕಾಲಿಡುತ್ತದೆ, ಡ್ರಮ್ಮಿನ ಮೇಲೆ ಬ್ರಷ್ ಸವರಿದ ಸದ್ದು ಸೇರಿಕೊಳ್ಳುತ್ತದೆ, ಕಾಲಪ್ರಮಾಣ ನೆಲೆಗೊಳ್ಳುತ್ತದೆ. ಇಷ್ಟು ಕೇಳಿಸಿಕೊಂಡರೆ ಈ ಕಲೆಯ ಅರ್ಧ ಒಳಗುಟ್ಟು ತಿಳಿದ ಹಾಗೆ. ಮೊದಲ ಬಾರಿಗೆ ಬಾಬಿ ಶಾರ್ಟ್ ಕೇಳುವವರು ಇಲ್ಲಿಂದಲೇ ಶುರು ಮಾಡಲಿ.

ಎರಡು ಪೋರ್ಟರ್‌ಗಳು

‘ಬಾಬಿ ಶಾರ್ಟ್ ಲವ್ಸ್ ಕೋಲ್ ಪೋರ್ಟರ್’ 1970ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ಹೊರತಂದ ಜೋಡಿ ಎಲ್‌ಪಿ. ‘ಯೂ ಆರ್ ದ ಟಾಪ್: ದ ಲವ್ ಸಾಂಗ್ಸ್ ಆಫ್ ಕೋಲ್ ಪೋರ್ಟರ್’ 1999ರದು, ಟೆಲಾರ್ಕ್. ನಡುವೆ ಸುಮಾರು ಕಾಲು ಶತಮಾನ.

ಇಲ್ಲಿ ನನ್ನ ತೀರ್ಪು ಉಲ್ಟಾ. ಹಳೆಯದನ್ನೇ ಮೊದಲು ತೆಗೆದುಕೊಳ್ಳಿ. ಎಲ್ಲರೂ ಹಾಡುವ ಪೋರ್ಟರ್ ಹಾಡುಗಳ ಜೊತೆ ‘ಹಾಟ್ ಹೌಸ್ ರೋಸ್’, ‘ಕೇಟಿ ವೆಂಟ್ ಟು ಹೈಟಿ’ಯಂಥ, ಬೇರೆಯವರು ಮುಟ್ಟದ ಹಾಡುಗಳನ್ನೂ ಶಾರ್ಟ್ ಅದರಲ್ಲಿ ಹುಡುಕಿ ತಂದಿದ್ದಾರೆ. ಪೋರ್ಟರ್ ಹಾಡುಗಳಲ್ಲಿ ಪ್ರಾಸಗಳು ಸಾಲುಸಾಲಾಗಿ ಬೀಳುತ್ತವೆ. ಒಂದರ ನಗು ಮುಗಿಯುವ ಮೊದಲೇ ಇನ್ನೊಂದು ಬರಬೇಕು. ಅದಕ್ಕೆ ಚುರುಕು ನಾಲಿಗೆಯ ಜೊತೆ ಉಸಿರೂ ಬೇಕು. ನಲವತ್ತೇಳರ ಹೊತ್ತಿನ ಶಾರ್ಟ್ ಅವರಲ್ಲಿ ಎರಡೂ ಇದ್ದವು.

1999ರದ್ದನ್ನು ಬಿಡಬೇಕು ಎಂದು ಇದರ ಅರ್ಥವಲ್ಲ. ಅದು ಹೆಸರೇ ಹೇಳುವಂತೆ ಪ್ರೇಮಗೀತೆಗಳ ಕಟ್ಟು. ಎಪ್ಪತ್ತನಾಲ್ಕರ ಗಾಯಕ ಪ್ರೇಮದ ಹಾಡು ಹಾಡಿದಾಗ ಪೋರ್ಟರ್ ಅವರ ಥಳುಕಿನ ಕೆಳಗಿರುವ ನೋವು ಎದ್ದು ಬರುತ್ತದೆ. 1937ರಲ್ಲಿ ಕುದುರೆ ಮೈಮೇಲೆ ಬಿದ್ದು ಎರಡೂ ಕಾಲು ಜಜ್ಜಿಹೋದ ಮೇಲೂ ಎರಡು ದಶಕ ಬರೆದ ಮನುಷ್ಯ ಪೋರ್ಟರ್. ಮುದಿ ದನಿ ಅವರ ಹಾಡುಗಳಿಗೆ ಒಗ್ಗುತ್ತದೆ. ಶೀರ್ಷಿಕೆಯ ಹಾಡು ಮೂಲತಃ 1934ರ ನಾಟಕವೊಂದರದ್ದು. ಗಂಡು ಹೆಣ್ಣು ಇಬ್ಬರು ಒಬ್ಬರನ್ನೊಬ್ಬರು ಜಗತ್ತಿನ ಶ್ರೇಷ್ಠ ವಸ್ತು, ವ್ಯಕ್ತಿಗಳಿಗೆ ಹೋಲಿಸುತ್ತ ಹೋಗುವ ಹಾಡು. ಲೂವ್ರ್ ಸಂಗ್ರಹಾಲಯ, ಕೊಲೊಸಿಯಂ ಇರುವ ಆ ಪಟ್ಟಿಯಲ್ಲಿ ಮಹಾತ್ಮ ಗಾಂಧಿಯೂ ಇದ್ದಾರೆ. ದಂಡಿಯ ಉಪ್ಪಿನ ಸತ್ಯಾಗ್ರಹ ನಡೆದು ನಾಲ್ಕೇ ವರ್ಷವಾಗಿತ್ತು. ಗಾಂಧಿಯ ಹೆಸರು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಹಾಡಿಗೂ ಇಳಿಯುವಷ್ಟು ಹಬ್ಬಿತ್ತು ಎಂದು ನೆನೆದರೆ ನಮ್ಮಂಥ ಕೇಳುಗರಿಗೆ ಆ ಸಾಲು ಬೇರೆಯೇ ಆಗಿ ತಟ್ಟುತ್ತದೆ.

ಹಳೆಯದು ಕೇಳಿ ಮೆಚ್ಚಿದ ಮೇಲೆ 1999ರದ್ದಕ್ಕೆ ಬನ್ನಿ. ಮೊದಲೇ ಇದನ್ನು ಕೇಳಿದರೆ ದನಿಯ ಸವೆತವೊಂದೇ ಕಿವಿಗೆ ಬೀಳುವ ಅಪಾಯವಿದೆ.

ಆಂಡಿ ರಝಾಫ್ ಆಲ್ಬಂ: ಎಲ್ಲಕ್ಕಿಂತ ಮುಖ್ಯವಾದದ್ದು

1987ರ ‘ಗೆಸ್ ಹೂ ಈಸ್ ಇನ್ ಟೌನ್’ ಅಟ್ಲಾಂಟಿಕ್ ಕಂಪನಿಯದು. ಇಡೀ ಆಲ್ಬಂ ಒಬ್ಬನೇ ಗೀತರಚನಕಾರನಿಗೆ ಮೀಸಲು. ಕೊನೆಗಾಲದ ಮುದ್ರಿಕೆಗಳಲ್ಲಿ ಕೇಳಲು ಅತಿ ಸುಲಭವಾದದ್ದು ‘ಲೇಟ್ ನೈಟ್’ ಆದರೆ, ಅತಿ ಅಗತ್ಯವಾದದ್ದು ಇದು.

ರಝಾಫ್ ಯಾರು? ‘ಐಂಟ್ ಮಿಸ್‌ಬಿಹೇವಿನ್’, ‘ಹನಿಸಕಲ್ ರೋಸ್’, ‘ಮೆಮರೀಸ್ ಆಫ್ ಯೂ’, ‘ಸ್ಟಾಂಪಿನ್ ಅಟ್ ದ ಸವಾಯ್’. ಜಾಝ್ ಕೇಳುವವರಿಗೆಲ್ಲ ಈ ಹಾಡುಗಳು ಗೊತ್ತು. ಇವುಗಳ ಸಾಹಿತ್ಯ ಬರೆದವರ ಹೆಸರು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ರಾಗ ಹಾಕಿದ ವಾಲರ್, ಬ್ಲೇಕ್ ನೆನಪಿದ್ದಾರೆ, ಪದ ಕೊಟ್ಟ ರಝಾಫ್ ಮರೆತುಹೋದರು. 1895ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಅವರ ಪೂರ್ತಿ ಹೆಸರು ಆಂಡ್ರಿಯಾಮನಂಟೆನಾ ಪಾಲ್ ರಝಾಫಿನ್‌ಕರೆಫೊ. ತಂದೆಯ ಕಡೆಯಿಂದ ಮಡಗಾಸ್ಕರದ ರಾಜಮನೆತನದ ನಂಟು. ತಾಯಿಯ ತಂದೆ ಜಾನ್ ವಾಲರ್ ಅಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದವರು. ಫ್ರೆಂಚರು ಮಡಗಾಸ್ಕರವನ್ನು ವಶಪಡಿಸಿಕೊಂಡ ಗದ್ದಲದಲ್ಲಿ ಆ ಕುಟುಂಬ ಚೆದುರಿಹೋಯಿತು. ಅಂಥ ಮನೆಯ ಕೂಸು ಹಾರ್ಲೆಮ್‌ನಲ್ಲಿ ಬೆಳೆದು ಹಾಡು ಬರೆಯಿತು.

1929ರಲ್ಲಿ ‘ಹಾಟ್ ಚಾಕೊಲೇಟ್ಸ್’ ಎಂಬ ಪ್ರದರ್ಶನಕ್ಕಾಗಿ ವಾಲರ್ ಮತ್ತು ಹ್ಯಾರಿ ಬ್ರೂಕ್ಸ್ ಜೊತೆಗೂಡಿ ರಝಾಫ್ ‘ಬ್ಲ್ಯಾಕ್ ಅಂಡ್ ಬ್ಲೂ’ ಬರೆದರು. ಪ್ರದರ್ಶನಕ್ಕೆ ದುಡ್ಡು ಹಾಕಿದ್ದ ಗೂಂಡಾ ಡಚ್ ಶುಲ್ಟ್ಸ್, ಕಪ್ಪು ಹೆಂಗಸೊಬ್ಬಳು ತನ್ನ ಬಣ್ಣದ ಬಗ್ಗೆ ಅಳುವ ತಮಾಷೆಯ ಹಾಡು ಬೇಕೆಂದು ಬೆದರಿಸಿದ, ರಝಾಫ್ ಆ ಬೆದರಿಕೆಗೆ ಉತ್ತರವಾಗಿ ನಗಿಸುವ ಬದಲು ಇರಿಯುವ ಸಾಲುಗಳನ್ನು ಬರೆದರು ಎಂಬ ಕತೆ ಪ್ರಸಿದ್ಧ. ಕತೆ ಎಷ್ಟು ನಿಜವೋ, ಹಾಡಿನ ಬಲವಂತೂ ನಿಜ. ಅಮೆರಿಕದ ಜನಪ್ರಿಯ ರಂಗಭೂಮಿಯಲ್ಲಿ ಜನಾಂಗ ದ್ವೇಷದ ಬಗ್ಗೆ ಅಷ್ಟು ನೇರವಾಗಿ ಮಾತಾಡಿದ ಹಾಡು ಅದಕ್ಕೂ ಮುಂಚೆ ಅಪರೂಪ.

ಪೋರ್ಟರ್, ಗರ್ಶ್ವಿನ್, ಕವರ್ಡ್, ರಾಜರ್ಸ್ ಮತ್ತು ಹಾರ್ಟ್ ಈ ರಚನಕಾರರಿಗೆಲ್ಲ 1970ರ ದಶಕದಲ್ಲೇ ಶಾರ್ಟ್ ಒಂದೊಂದು ಪ್ರತ್ಯೇಕ ಆಲ್ಬಂ ಮಾಡಿದ್ದರು. ಅದೇ ಸಾಲಿನಲ್ಲಿ, ಅದೇ ಮರ್ಯಾದೆಯಲ್ಲಿ ರಝಾಫ್ ಅವರನ್ನು ಕೂರಿಸಿದ್ದು 1987ರಲ್ಲಿ. ರಝಾಫ್ ಸತ್ತು ಆಗಲೇ ಹದಿನಾಲ್ಕು ವರ್ಷವಾಗಿತ್ತು. ಆ ಹಾಡುಗಳನ್ನು ಶಾರ್ಟ್ ಅಷ್ಟು ಹೊತ್ತಿಗೆ ಹಲವು ದಶಕ ಹಾಡಿದ್ದರು, ಆದ್ದರಿಂದ ಇಲ್ಲಿ ಹಳೆಯದನ್ನು ಹೊಸದಾಗಿ ಪರಿಚಯಿಸುವ ಗಡಿಬಿಡಿ ಇಲ್ಲ. ರಝಾಫ್ ಅವರ ತುಂಟ ಸಾಲುಗಳಲ್ಲಿ ಎರಡೆರಡು ಅರ್ಥ ಅಡಗಿರುತ್ತದೆ. ಶಾರ್ಟ್ ಅವನ್ನು ಒತ್ತಿ ಹೇಳುವುದಿಲ್ಲ. ಹುಬ್ಬು ಹಾರಿಸಿದರೆ ಸಾಕೆಂಬಂತೆ ಹಾದುಹೋಗುತ್ತಾರೆ, ಕೇಳುವವರು ಒಂದು ಸಾಲು ತಡವಾಗಿ ನಗುತ್ತಾರೆ. ದನಿ ಇನ್ನೂ ಟೆಲಾರ್ಕ್ ಕಾಲದಷ್ಟು ಸವೆದಿಲ್ಲ ಎಂಬುದೂ ಈ ಆಲ್ಬಂ ಪರವಾಗಿ ಹೇಳಬೇಕಾದ ಮಾತು.

ಸಾಹಿತ್ಯದ ಮೇಲೆ ಪ್ರೀತಿಯಿರುವವರು, 1920ರ ದಶಕದ ಕಪ್ಪು ಲೇಖಕ, ಕಲಾವಿದರ ಚಳವಳಿಯಾದ ಹಾರ್ಲೆಮ್ ನವೋದಯದ ಬಗ್ಗೆ ಓದಿದವರು, ಜಾಝ್ ವಾದ್ಯಸಂಗೀತ ಕೇಳಿ ಅದರ ಪದಗಳ ಬಗ್ಗೆ ಕುತೂಹಲ ಹುಟ್ಟಿದವರು ‘ಲೇಟ್ ನೈಟ್’ಗಿಂತ ಮೊದಲೇ ಇದನ್ನು ಕೇಳಬಹುದು. ಆಲ್ಬಂ ಕೇಳಿ ಅದರ ಹಾಡುಗಳು ಹಿಡಿಸಿದರೆ, ವಾಲರ್ ತಾವೇ ಹಾಡಿದ ಹಳೆಯ ಮುದ್ರಿಕೆಗಳ ಪಕ್ಕದಲ್ಲಿಟ್ಟು ಕೇಳಿ ನೋಡಿ. ವಾಲರ್ ತುಂಟತನವನ್ನು ಹೊರಕ್ಕೆ ಚೆಲ್ಲುತ್ತಾರೆ, ಶಾರ್ಟ್ ಒಳಗೆ ಇಟ್ಟುಕೊಳ್ಳುತ್ತಾರೆ.

ದೊಡ್ಡ ತಂಡಗಳು

1993ರ ‘ಸ್ವಿಂಗ್ ದಟ್ ಮ್ಯೂಸಿಕ್’ನಲ್ಲಿ ಶಾರ್ಟ್ ತಮ್ಮ ಕೋಣೆ ಬಿಟ್ಟು ಹೊರಬಂದಿದ್ದಾರೆ. ಜೊತೆಗಿರುವುದು ಗಿಟಾರ್ ವಾದಕ ಹೊವರ್ಡ್ ಆಲ್ಡನ್ ಮತ್ತು ಟ್ರಾಂಬೋನ್ ವಾದಕ ಡ್ಯಾನ್ ಬ್ಯಾರೆಟ್ ಅವರ ಐವರ ತಂಡ. ಇಬ್ಬರೂ ಶಾರ್ಟ್ ಅವರಿಗಿಂತ ಮೂವತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು, ಆದರೆ ಹಳೆಯ ಸ್ವಿಂಗ್ ಎಂಬ ಕುಣಿತದ ಜಾಝ್ ಶೈಲಿಯನ್ನು ಅರಗಿಸಿಕೊಂಡವರು. ಈ ತಂಡದ ಹಿರಿಮೆ ಅವರ ಸಂಯಮ. ಟ್ರಾಂಬೋನ್, ಸ್ಯಾಕ್ಸೊಫೋನ್ ಇದ್ದರೂ ಗಾಯಕರ ಮಾತಿನ ಮೇಲೆ ಬಂದು ಬೀಳುವುದಿಲ್ಲ. ಕುಣಿಯುವ ತಾಳದ ಹಾಡು ಬೇಕು, ಮಾತು ಪೂರ್ತಿ ತಿಳಿಯದಿದ್ದರೂ ಪರವಾಗಿಲ್ಲ ಎನ್ನುವ ಕೇಳುಗರಿಗೆ ನಾನು ಮೊದಲು ಕೊಡುವುದು ಇದನ್ನೇ. ಕ್ಯಾಬರೆ ಶೈಲಿ ಬೋರು ಎನ್ನುವವರ ಮನಸ್ಸನ್ನೂ ಇದು ಬದಲಿಸಬಲ್ಲದು.

‘ಸೆಲೆಬ್ರೇಟಿಂಗ್ 30 ಇಯರ್ಸ್ ಅಟ್ ದ ಕೆಫೆ ಕಾರ್ಲೈಲ್’ 1990ರ ದಶಕದ ಕೊನೆಯ ಭಾಗದ್ದು. ಆ ಹೊತ್ತಿಗೆ ಶಾರ್ಟ್ ಕಾರ್ಲೈಲ್‌ನಲ್ಲೂ ಮೂವರ ತಂಡ ಬಿಟ್ಟು ಊದುವಾದ್ಯಗಳ ಬ್ಯಾಂಡ್ ಕಟ್ಟಿಕೊಂಡಿದ್ದರು. ಹಬ್ಬದ ಸಡಗರ ಇದರಲ್ಲಿದೆ. ಆದರೆ ಅಷ್ಟು ಸಣ್ಣ ಕೋಣೆಯಲ್ಲಿ ಅಷ್ಟು ವಾದ್ಯಗಳ ಎದುರು ದಣಿದ ಗಂಟಲು ಮೇಲೇರಿ ಕೂಗಬೇಕಾಗುತ್ತದೆ, ನಿಧಾನದ ಹಾಡುಗಳಲ್ಲಿ ಸಿಗುವ ಸೂಕ್ಷ್ಮ ಇಲ್ಲಿ ಕಡಿಮೆ. ಶಾರ್ಟ್ ಅಭಿಮಾನಿಗಳು ಹೇಗೂ ಕೇಳುತ್ತಾರೆ. ಉಳಿದವರಿಗೆ ಎರಡರಲ್ಲಿ ‘ಸ್ವಿಂಗ್ ದಟ್ ಮ್ಯೂಸಿಕ್’ ಸಾಕು.

ಊರಿನ ಹಾಡುಗಳು

1995ರ ‘ಸಾಂಗ್ಸ್ ಆಫ್ ನ್ಯೂಯಾರ್ಕ್’ ಒಂದೇ ನಗರದ ಮೇಲೆ ಕಟ್ಟಿದ ಹಾಡುಗಳ ಹಾರ. ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ, ಆ ಬೀದಿಗಳಲ್ಲಿ ನಡೆದವರಿಗೆ ಇದು ಹತ್ತಿರವಾಗುತ್ತದೆ. ಬೇರೆಯವರಿಗೆ ಊರಿನ ಹೆಸರುಗಳ ಮೇಲೆ ಹೆಸರು ಬಂದು ಒಂದೇ ಬಣ್ಣದ್ದಾಗಿ ಕೇಳಬಹುದು. ಒಂದೇ ಸಲಕ್ಕೆ ಪೂರ್ತಿ ಕೇಳದೆ ನಾಲ್ಕಾರು ಹಾಡು ಆರಿಸಿ ಕೇಳುವುದು ವಾಸಿ.

ಹಾಡಿಲ್ಲದ ಆಲ್ಬಂ

ಕೊನೆಯಲ್ಲಿ ‘ಪಿಯಾನೋ’. ಹೊಸ ಶತಮಾನದ ಆರಂಭದಲ್ಲಿ ಬಂದ ಈ ಆಲ್ಬಂನಲ್ಲಿ ಶಾರ್ಟ್ ಬಾಯಿ ತೆರೆಯುವುದಿಲ್ಲ, ನುಡಿಸುತ್ತಾರೆ ಅಷ್ಟೇ. ಬಾಸ್‌ನಲ್ಲಿ ಫ್ರ್ಯಾಂಕ್ ಟೇಟ್, ಡ್ರಮ್ಸ್‌ನಲ್ಲಿ ಕ್ಲೌಸ್ ಸುವೊನ್‌ಸಾರಿ. ಟೇಟ್ ಅವರು ‘ಸ್ವಿಂಗ್ ದಟ್ ಮ್ಯೂಸಿಕ್’ನ ಐವರಲ್ಲೂ ಇದ್ದವರು.

ಅರ್ಧ ಶತಮಾನಕ್ಕೂ ಮೇಲೆ ಹಾಡಿ ಹೆಸರಾದವರು ಎಪ್ಪತ್ತಾರು ಎಪ್ಪತ್ತೇಳರಲ್ಲಿ ಹಾಡು ಬಿಟ್ಟು ಬರೀ ಪಿಯಾನೋ ನುಡಿಸುವುದನ್ನು ಕೇಳಿದಾಗ ಅವರ ಗಾಯನದ ಬೇರು ಎಲ್ಲಿತ್ತು ಎಂದು ತಿಳಿಯುತ್ತದೆ. ಇಲ್ಲೂ ಪದಗಳು ಇವೆ ಎಂಬ ಭಾವನೆ ನನಗೆ ಪ್ರತಿ ಸಲವೂ ಬರುತ್ತದೆ. ರಾಗದ ಸಾಲನ್ನು ಅವರು ಸಾಹಿತ್ಯದ ಉಸಿರಿಗೆ ತಕ್ಕಂತೆ ತುಂಡು ಮಾಡುತ್ತಾರೆ. ವಾಕ್ಯ ಮುಗಿಯುವ ಕಡೆ ಬಲಗೈ ನಿಲ್ಲುತ್ತದೆ, ಅಲ್ಪವಿರಾಮದ ಕಡೆ ಬರೀ ತಡೆಯುತ್ತದೆ. ಆಧುನಿಕ ಜಾಝ್ ಪಿಯಾನೋದ ಸಾಹಸ ಬಯಸುವವರಿಗೆ ಇದು ಸರಳವೆನಿಸಬಹುದು. ಎಡಗೈ ತಾಳ, ಬಲಗೈ ರಾಗ, ನಡುವೆ ಒಂದಷ್ಟು ಎಲಿಂಗ್ಟನ್ ಛಾಯೆಯ ಸ್ವರಗುಚ್ಛಗಳು, ಅಷ್ಟೇ. ಇಂಗ್ಲಿಷ್ ಸಾಹಿತ್ಯ ಹಿಂಬಾಲಿಸುವುದು ಕಷ್ಟವೆನ್ನುವ, ಸಂಗೀತ ಮಾತ್ರ ಸಾಕೆನ್ನುವ ಕೇಳುಗರು ಇದನ್ನೇ ಬಾಗಿಲು ಮಾಡಿಕೊಳ್ಳಬಹುದು.

ಹುಡುಕುವಾಗ, ಕೊಳ್ಳುವಾಗ

ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಆಲ್ಬಂ ಪಕ್ಕದಲ್ಲಿ ಕಾಣುವ ವರ್ಷವನ್ನು ನಂಬಬೇಡಿ. ಎಷ್ಟೋ ಸಲ ಅದು ಮರುಮುದ್ರಣದ ವರ್ಷವಾಗಿರುತ್ತದೆ. ಕಂಪನಿಯ ಹೆಸರು ನೋಡುವುದು ಸುಲಭದ ದಾರಿ: 1990ರ ದಶಕದವು ಟೆಲಾರ್ಕ್, ಅದಕ್ಕೂ ಹಿಂದಿನವು ಹೆಚ್ಚಾಗಿ ಅಟ್ಲಾಂಟಿಕ್. ಟೆಲಾರ್ಕ್ 2005ರಿಂದ ಕಾನ್ಕಾರ್ಡ್ ಸಂಸ್ಥೆಯ ಕೈಯಲ್ಲಿರುವುದರಿಂದ ಕೆಲವೆಡೆ ಆ ಹೆಸರೂ ಕಾಣಬಹುದು.

ಟೆಲಾರ್ಕ್ ಆಲ್ಬಂಗಳನ್ನು ಸಿಡಿಗಾಗಿಯೇ ಮುದ್ರಿಸಿದ್ದು, ಹಾಗಾಗಿ ಹಳೆಯ ಸಿಡಿ ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ. ಕೊಳ್ಳುವ ಮೊದಲು ಒಳಗಿನ ಪುಸ್ತಿಕೆ ಇದೆಯೇ ಎಂದು ಮಾರುವವರನ್ನು ಕೇಳಿ. ಯಾವ ಹಾಡು ಯಾರದು, ಯಾರು ಏನು ನುಡಿಸಿದ್ದಾರೆ ಎಂಬ ವಿವರ ಆ್ಯಪ್‌ಗಳಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಅದರಲ್ಲೂ ರಝಾಫ್ ಆಲ್ಬಂ ಕೇಳುವವರಿಗೆ ಆ ವಿವರ ಬೇಕೇ ಬೇಕು, ಏಕೆಂದರೆ ಒಂದೊಂದು ಹಾಡಿಗೆ ಒಬ್ಬೊಬ್ಬರು ರಾಗ ಹಾಕಿದ್ದಾರೆ.

1974ರ ಲೈವ್ ಆಲ್ಬಂ ಮತ್ತು 1970ರ ದಶಕದ ಪೋರ್ಟರ್ ಜೋಡಿಯನ್ನು ಎಲ್‌ಪಿಯಲ್ಲಿ ಕೊಳ್ಳುವವರು ಪೋರ್ಟರ್‌ನ ಎರಡೂ ತಟ್ಟೆಗಳು ಇವೆಯೇ ಎಂದು ನೋಡಿಕೊಳ್ಳಬೇಕು. ‘ಪಿಯಾನೋ’ ಆಲ್ಬಂ ಹುಡುಕುವಾಗ ಹೆಸರೊಂದನ್ನೇ ಹಾಕಿದರೆ ಸಾವಿರ ಬೇರೆ ಆಲ್ಬಂಗಳು ಬರುತ್ತವೆ. ಬಾಬಿ ಶಾರ್ಟ್ ಹೆಸರಿನ ಜೊತೆ ಫ್ರ್ಯಾಂಕ್ ಟೇಟ್ ಹೆಸರನ್ನೂ ಸೇರಿಸಿ ಹುಡುಕಿ.